ಹಾಡುವವ ಕುಣಿಬಾರ್ದು, ಕುಣಿಯುವವ ಹಾಡ್ಬಾರ್ದು

ನಮ್ಮ ಡೈರೆಕ್ಟ್ರು ಬೆಂಗ್ಳೂರಿಗೆ ಹೋದವ್ರು ಅಲ್ಲಿ ಯಾವುದೋ ದೊಡ್ಡ ಮ್ಯೂಸಿಕಲ್ ನೋಡಿ ಬಂದದ್ದೇ ನಮ್ಮೆಲ್ಲರ ಗ್ರಹಚಾರ. ನೈಟ್ ಬಸ್ಸಿಂದ ಇಳಿದು ಮನೆಗೂ ಹೋಗ್ಲಿಲ್ಲ ಮಾರಾಯ್ರೆ, ಸೀದಾ ಗ್ರೂಪಿಗೆ ವಾಯ್ಸ್ ನೋಟ್. "ಸಾಕು ಈ ಸೋಫಾ ಹಾಕಿ ಕೂತು ಮಾತಾಡುವ ನಾಟಕ, ಈ ಸಲ ಮ್ಯೂಸಿಕಲ್ ಮಾಡುವ, ಎಲ್ಲರೂ ಹಾಡ್ಬೇಕು, ಎಲ್ಲರೂ ಕುಣಿಬೇಕು, ಎಲ್ಲರೂ ಡೈಲಾಗ್ ಹೇಳ್ಬೇಕು, ಒಟ್ಟೊಟ್ಟಿಗೆ." ಆ ಒಟ್ಟೊಟ್ಟಿಗೆ ಅಂದದ್ದನ್ನ ಬೆಳಿಗ್ಗೆ ಬೆಳಿಗ್ಗೆ ಯಾರೂ ಸರಿ ಕೇಳಿಸ್ಕೊಳ್ಳಲಿಲ್ಲ. ಎಲ್ಲರೂ ಹೆಬ್ಬೆರಳು ಒತ್ತಿ ಪುನಃ ಮಲಗಿದ್ರು.

ಕಥೆ ಮಾತ್ರ ಚಂದ ಉಂಟು, ಅದನ್ನ ಒಪ್ಪಬೇಕು. ಉಡುಪಿ-ಮಂಗ್ಳೂರು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್ ಹೀರೋ. ಮೂಲ್ಕಿಯಲ್ಲಿ ದಿನಾ ಹತ್ತುವ ಹುಡುಗಿ ಹೀರೋಯಿನ್. ಚಿಲ್ಲರೆ ವಿಷಯದಲ್ಲಿ ಜಗಳ ಶುರು, ಕಡೆಗೆ ಮದುವೆ. ನೀವು ಯೋಚನೆ ಮಾಡಿ, ನಮ್ಮ ಕಂಡಕ್ಟರ್‌ಗಳಷ್ಟು ರಾಗ ತಾಳ ಇರುವವ್ರು ಬೇರೆ ಯಾರಿದ್ದಾರೆ? ಸರ್ವಿಸ್ ಬಸ್‌ಸ್ಟ್ಯಾಂಡಲ್ಲಿ ನಿಂತು "ಮಂಗ್ಳೂರ್ ಮಂಗ್ಳೂರ್ ಮಂಗ್ಳೂರ್" ಅಂತ ಒಂದೇ ಉಸಿರಲ್ಲಿ ಎಳೀತಾರೆ, ಆಮೇಲೆ ಸೀಟಿ, ಆಮೇಲೆ ತಗಡಿಗೆ ಎರಡು ಪೆಟ್ಟು, "ರೈಟ್ ಪೋಯಿ." ಒಳಗೆ ಕಾಲಿಡಲಿಕ್ಕೆ ಜಾಗ ಇಲ್ಲದಿದ್ರೂ "ಪಿರ ಪೋಲೆ, ಪಿರ ಖಾಲಿ ಉಂಡು" (ಹಿಂದೆ ಹೋಗಿ, ಹಿಂದೆ ಖಾಲಿ ಉಂಟು) ಅಂತ ತುಳುವಿನಲ್ಲಿ ಪಲ್ಲವಿ. ಇದಕ್ಕೆ ಬೇರೆ ಮ್ಯೂಸಿಕ್ ಡೈರೆಕ್ಟರ್ ಎಂತಕ್ಕೆ?

ಹಾಡು ಬರೆದದ್ದು ಒಬ್ರು ರಿಟೈರ್ಡ್ ಕನ್ನಡ ಮೇಷ್ಟ್ರು. ಮೇನ್ ಹಾಡು ಪೂರ್ತಿ ಸ್ಟಾಪಿನ ಹೆಸರುಗಳೇ: ಉದ್ಯಾವರ, ಕಟಪಾಡಿ, ಕಾಪು, ಉಚ್ಚಿಲ, ಎರ್ಮಾಳು, ಪಡುಬಿದ್ರಿ, ಹೆಜಮಾಡಿ, ಶಾಂಭವಿ ನದಿ ಬ್ರಿಡ್ಜ್ ದಾಟಿದ್ರೆ ಮೂಲ್ಕಿ, ಅಲ್ಲಿ ಹೀರೋಯಿನ್. ಮೂಲ್ಕಿ ಆದ್ಮೇಲೆ ಒಂದು ಚರಣ ಸುರತ್ಕಲ್ ಟೋಲ್ ಗೇಟಿನ ಬಗ್ಗೆ ಇತ್ತು, ಟೋಲು ಅಂತ ಒಂದು ಸಾಲಿಗೆ ಗೋಳು ಅಂತ ಪ್ರಾಸ. ಒಬ್ಬ ಪ್ಯಾಸೆಂಜರ್ ಪಾತ್ರದವ ಕೈ ಎತ್ತಿ ಹೇಳಿದ, "ಮೇಷ್ಟ್ರೇ, ಅಲ್ಲಿ ಟೋಲ್ ತೆಗೊಳ್ಳುದು 2022ರ ಡಿಸೆಂಬರಲ್ಲೇ ನಿಂತಿದೆ, ಅದಕ್ಕೆ ಎಷ್ಟು ಹೋರಾಟ ಆಯ್ತು ಗೊತ್ತುಂಟಲ್ಲ." ಮೇಷ್ಟ್ರು ಕನ್ನಡಕ ತೆಗ್ದು, "ಟೋಲ್ ಹೋದ್ರೆ ಹೋಗ್ಲಿ, ಪ್ರಾಸ ಬಿಡ್ಲಿಕ್ಕೆ ಆಗ್ತದಾ?" ಅಂದ್ರು. ದೊಡ್ಡ ಚರ್ಚೆ ಆಗಿ ಕಡೆಗೆ ಹೆಜಮಾಡಿಯಲ್ಲಿ ಟೋಲ್ ಇನ್ನೂ ಉಂಟಲ್ಲ, ಗೋಳನ್ನ ಅಲ್ಲಿಗೆ ಶಿಫ್ಟ್ ಮಾಡುವ ಅಂತ ರಾಜಿ ಆಯ್ತು.

ಹೀರೋ ವಿಷಯ ಇನ್ನೊಂದು ಪುರಾಣ. ಉಡುಪಿ ಅಂದ್ರೆ ಬ್ಯಾಂಕಿನ ಊರು, ಕಾರ್ಪೊರೇಷನ್ ಬ್ಯಾಂಕ್ 1906ರಲ್ಲಿ, ಸಿಂಡಿಕೇಟ್ ಬ್ಯಾಂಕ್ 1925ರಲ್ಲಿ ಇಲ್ಲೇ ಹುಟ್ಟಿದ್ದು, ಹಾಗಾಗಿ ನಾವು ಕಂಡ ಹಾಗೆ ಇಲ್ಲಿನ ಹವ್ಯಾಸಿ ನಾಟಕದಲ್ಲಿ ರಾಜ, ಮಂತ್ರಿ, ವಿದೂಷಕ ಎಲ್ಲರೂ ಬ್ಯಾಂಕಿನವ್ರೇ, ಐದೂವರೆಗೆ ಕೌಂಟರ್ ಕ್ಲೋಸ್, ಆರೂವರೆಗೆ ರಿಹರ್ಸಲ್. 2020ರ ಏಪ್ರಿಲಲ್ಲಿ ಎರಡು ಬ್ಯಾಂಕೂ ಬೇರೆ ಬ್ಯಾಂಕಿನ ಒಳಗೆ ಹೋದ್ವು, ರಾಜ ಮಂತ್ರಿಗಳು ಈಗ ಎಲ್ಲೆಲ್ಲಿ ಇದ್ದಾರೋ. ನಮ್ಮ ಹೀರೋ ಕೂಡ ಬ್ಯಾಂಕಿನವನೇ (ಯಾವ ಬ್ಯಾಂಕ್ ಅಂತ ಕೇಳ್ಬೇಡಿ), ಹಾಡು ಪೂರ್ತಿ ಬಾಯಿಪಾಠ ಆಗಿ ಸೀಟಿ ಊದುದು ಕೂಡ ಕಲಿತು ರೆಡಿ ಆಗುವಾಗ ಟ್ರಾನ್ಸ್‌ಫರ್ ಆರ್ಡರ್ ಬಂತು, ಉತ್ತರ ಪ್ರದೇಶಕ್ಕೆ. ಹೋಗುವಾಗ ಸೀಟಿ ವಾಪಸ್ ಕೊಟ್ಟು ಹೋದ ಪಾಪ.

ಅವನ ಜಾಗಕ್ಕೆ ಬಂದದ್ದು ಒಬ್ಬ ಜಿಮ್ ಟ್ರೈನರ್. ಕುಣಿತ ಫಸ್ಟ್ ಕ್ಲಾಸ್. ಸ್ವರವೂ ಫಸ್ಟ್ ಕ್ಲಾಸ್. ಎರಡೂ ಒಟ್ಟೊಟ್ಟಿಗೆ ಅಂದ್ರೆ ಫೇಲ್. ಉದ್ಯಾವರ ತನಕ ಹಾಡು ಕೇಳ್ತದೆ, ಕಟಪಾಡಿಯಲ್ಲಿ ಅರ್ಧ ಹಾಡು ಅರ್ಧ ಉಸಿರು, ಕಾಪುವಿನಲ್ಲಿ ಬರೇ ಉಸಿರು, ಉಚ್ಚಿಲ ಬರುವಾಗ ಬಾಯಿ ಆಡ್ತದೆ ಅಷ್ಟೇ, ಪಡುಬಿದ್ರಿಯಲ್ಲಿ ಅವನು ಎರಡು ಕೈ ಮೊಣಕಾಲಿಗೆ ಕೊಟ್ಟು ಬಗ್ಗಿ ನಿಂತು "ನೀರು" ಅಂತಾನೆ, ಅದು ಸ್ಕ್ರಿಪ್ಟಲ್ಲಿ ಇಲ್ಲ.

ಈಗ ನನ್ನ ಒಂದು ಅಭಿಪ್ರಾಯ ಹೇಳ್ತೇನೆ, ಬೇಕಾದ್ರೆ ಬೈಯಿರಿ. ಹಾಡು, ಕುಣಿತ, ಮಾತು ಸೇರಿಸಿ ಆಟ ಆಡುದು ನಮ್ಮ ಊರಿಗೆ ಹೊಸತಾ? ಇಡೀ ರಾತ್ರಿ ಅದನ್ನೇ ನೋಡಿ ಬೆಳೆದವ್ರಲ್ವಾ ನಾವು. ಆದ್ರೆ ಯಕ್ಷಗಾನ ಕಟ್ಟಿದ ಹಿರಿಯರು ಸಣ್ಣ ಬುದ್ಧಿವಂತ್ರಲ್ಲ. ಹಾಡುವ ಕೆಲಸ ಭಾಗವತ್ರಿಗೆ, ಅವ್ರು ಆರಾಮ ಕೂತು ತಾಳ ಹಾಕಿ ಹಾಡ್ತಾರೆ. ಕುಣಿಯುವ ಕೆಲಸ ವೇಷಧಾರಿಗೆ. ಪದ್ಯ ಮುಗಿದ್ಮೇಲೆ ವೇಷಧಾರಿ ಅರ್ಥ, ಅಂದ್ರೆ ಮಾತು, ಹೇಳ್ತಾನೆ, ದಮ್ಮು ಕಟ್ಟಿದ್ರೆ ನಾಲ್ಕು ಸಲ "ಭಲಾ ಭಲಾ" ಅಂತ ಅಂದು ಉಸಿರು ತೆಗೊಳ್ಳಿಕ್ಕೆ ಜಾಗ ಉಂಟು, ನೋಡುವವ್ರಿಗೆ ಅದೂ ಗತ್ತು ಅಂತ ಕಾಣ್ತದೆ. ಕಂಪೆನಿ ನಾಟಕದವ್ರು ಹಾಡ್ತಿದ್ರು ನಿಜ, ಕಾಲಲ್ಲಿ ತುಳಿಯುವ ಹಾರ್ಮೋನಿಯಂ ಬದಿಯಲ್ಲಿ ಇರ್ತಿತ್ತು, ಜನ ಒನ್ಸ್ ಮೋರ್ ಅಂದ್ರೆ ಅದೇ ಹಾಡು ಪುನಃ ಹಾಡ್ತಿದ್ರು, ಆದ್ರೆ ಬಸ್ಸಿನ ಫುಟ್‌ಬೋರ್ಡಲ್ಲಿ ಒಂದು ಕಾಲಲ್ಲಿ ತಿರುಗ್ತಾ ಹಾಡಿ ಅಂತ ಅವ್ರಿಗೆ ಯಾರೂ ಹೇಳಿರ್ಲಿಕ್ಕಿಲ್ಲ.

ಇದನ್ನ ಡೈರೆಕ್ಟ್ರ ಹತ್ರ ಹೇಳಿದ್ದೂ ಆಯ್ತು. ಅವ್ರು ತಕ್ಷಣ ಕಾರಂತರನ್ನ ತಂದ್ರು. ಬಂಟ್ವಾಳದ ಮಂಚಿಯ ಬಿ.ವಿ. ಕಾರಂತ್ರು ಸಣ್ಣ ಪ್ರಾಯದಲ್ಲಿ ಗುಬ್ಬಿ ನಾಟಕ ಕಂಪೆನಿ ಸೇರಿ ಆಮೇಲೆ ರಂಗಸಂಗೀತವನ್ನೇ ಬೇರೆ ಮಾಡಿದ್ರು, ಗೊತ್ತುಂಟಾ? ಗೊತ್ತುಂಟು ಸಾರ್, ಆದ್ರೆ ಹೀರೋಗೆ ದಮ್ಮು ಇಲ್ಲ ಅಂದ್ರೆ, ಶಿವರಾಮ ಕಾರಂತ್ರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದಾಗಲೂ ಜನ ಹೀಗೇ ಮಾತಾಡಿದ್ರು, ಗೊತ್ತುಂಟಾ? ನಮ್ಮ ಜಿಲ್ಲೆಯಲ್ಲಿ ನಾಟಕದ ವಾದ ಗೆಲ್ಲಲಿಕ್ಕೆ ಒಬ್ಬ ಕಾರಂತ್ರು ಸಾಕು, ಇವ್ರ ಹತ್ರ ಇಬ್ರು ಉಂಟು. ನಾನು ಸುಮ್ಮನೆ ಬಸ್ ಹಿಡ್ಕೊಳ್ಳಿಕ್ಕೆ ಹೋದೆ.

ಬಸ್ ಅಂದ್ರೆ ಪಿವಿಸಿ ಪೈಪಿನದ್ದು. ಪೈಪ್, ಎಲ್ಬೋ, ಟೀ ಎಲ್ಲಾ ಹಾಕಿ ಅಂಟಿಸಿ ಎದುರಿಗೆ ಥರ್ಮೋಕೋಲಿನ ಮೂತಿ. ಒಳಗೆ ನಾವು ಪ್ಯಾಸೆಂಜರ್‌ಗಳು ನಿಂತು ಬಸ್ಸನ್ನೇ ಹೊತ್ಕೊಂಡು ಹೆಜ್ಜೆ ಹಾಕ್ಬೇಕು, ತಿರುವಲ್ಲಿ ಎಲ್ಲರೂ ಒಂದೇ ಕಡೆ ವಾಲ್ಬೇಕು. ನಂದು ಹಿಂದಿನ ಚಕ್ರದ ಮೇಲಿನ ಸೀಟು, ಡೈಲಾಗ್ ಒಂದೇ, "ಇಲ್ಲಿ ಸ್ಟಾಪ್ ಉಂಟಾ?" ಬಸ್ ತಯಾರು ಮಾಡಿದ್ದು ಒಬ್ಬರ ಮನೆಯ ಟೆರೇಸಲ್ಲಿ, ತುಂಬಾ ಪೊರ್ಲು (ಚಂದ) ಬಂದಿದೆ ಅಂತ ಎಲ್ಲರೂ ಸೆಲ್ಫಿ ತೆಗೆದ್ಮೇಲೆ ಗೊತ್ತಾಯ್ತು ಅದು ಮೆಟ್ಟಿಲಲ್ಲಿ ಇಳಿಯುದಿಲ್ಲ ಅಂತ. ಹಗ್ಗ ಕಟ್ಟಿ ಮೇಲಿಂದ ಇಳಿಸುವಾಗ ಆಚೆ ಮನೆಯ ಅಜ್ಜಿ ಅಂಗಳಕ್ಕೆ ಬಂದು ನೋಡಿ, "ಎಂತದು ಮಗ, ಪೆಂಡಾಲಾ?" ಅಂತ ಕೇಳಿದ್ರು. ಬಸ್ ಅಜ್ಜಿ ಅಂದ್ವಿ. "ಓ, ಮಣಿಪಾಲಕ್ಕೆ ಹೋಗ್ತದಾ?"

ಸ್ವಲ್ಪ ಊರಿನ ಪರಿಮಳ ಇರ್ಲಿ ಅಂತ ಡೈರೆಕ್ಟ್ರು ಯಕ್ಷಗಾನದ ಬಡಗುತಿಟ್ಟು ಶೈಲಿಯ ಒಬ್ರು ಹಿರಿಯ ಭಾಗವತ್ರನ್ನೂ ಚಂಡೆಯವ್ರನ್ನೂ ಕರ್ಸಿದ್ರು. ಇಂಟರ್ವಲ್ ಮುಂಚೆ ಒಂದು ಬಿಟ್, ಎರಡು ನಿಮಿಷ. ಭಾಗವತ್ರು ವೀಳ್ಯ ಬದಿಗೆ ಸರಿಸಿ, "ಎರಡು ನಿಮಿಷವಾ? ಕಾಲಮಿತಿ ಆಟ ಅಂತ ಕೇಳಿದ್ದೆ, ಇಷ್ಟು ಮಿತಿ ಅಂತ ಗೊತ್ತಿರ್ಲಿಲ್ಲ" ಅಂದ್ರು. ಸ್ಕ್ರಿಪ್ಟ್ ಕೊಟ್ರೆ ಮುಟ್ಲಿಲ್ಲ, "ಪ್ರಸಂಗ ಎಂತ ಹೇಳಿ ಸಾಕು" ಅಂದ್ರು. ಬಸ್ಸು ಉಡುಪಿಯಿಂದ ಮಂಗ್ಳೂರಿಗೆ ಹೋಗ್ತದೆ ಅಂತ ಹೇಳಿದ್ವಿ. ಹುಡುಗಿ ಮೂಲ್ಕಿಯಲ್ಲಿ ಹತ್ತುದು ಅಂತ ಯಾರಾದ್ರೂ ಹೇಳಿದ್ರಾ ಇಲ್ವಾ ಅನ್ನುದು ಇವತ್ತಿಗೂ ಇತ್ಯರ್ಥ ಆಗ್ಲಿಲ್ಲ.

ಶೋ ದಿನ ಹಾಲ್ ಫುಲ್. ಎಲ್ಲರಿಗೂ ಕೆನ್ನೆಗೆ ಅಂಟಿಸುವ ಮೈಕು. ಏಪ್ರಿಲ್ ತಿಂಗಳು, ನಮ್ಮ ಕರಾವಳಿಯ ಸೆಕೆ, ಮೇಕಪ್ಪು, ಮೇಲಿಂದ ಲೈಟು, ಟೇಪ್ ಎಲ್ಲಿ ನಿಲ್ತದೆ? ಮೊದಲ ಎಡವಟ್ಟು ಹೀರೋಯಿನ್ ಅಪ್ಪನ ಪಾತ್ರದವ್ರಿಂದ. ಅವ್ರು ಸೀನ್ ಮುಗ್ಸಿ ಚೌಕಿಗೆ (ಬಣ್ಣದ ಕೋಣೆಗೆ) ಹೋದವ್ರು ಮೈಕ್ ಆಫ್ ಮಾಡ್ಲಿಲ್ಲ. ಸ್ಟೇಜಲ್ಲಿ ಅಮ್ಮನ ಪಾತ್ರದವ್ರು ಗಂಡ ಮನೆ ಬಿಟ್ಟು ಹೋದ ದುಃಖಕ್ಕೆ ಕಣ್ಣೀರು ಹಾಕಿ, "ಎಲ್ಲಿಗೆ ಹೋದ್ರೋ, ಉಂಡ್ರೋ ಇಲ್ವೋ" ಅಂತ ಅಳುವಾಗ ಸ್ಪೀಕರಲ್ಲಿ ಗಂಡನ ಸ್ವರ, ಸ್ಪಷ್ಟವಾಗಿ, "ನಂಗೊಂದು ಪ್ಲೇಟ್ ಗೋಳಿಬಜೆ, ಚಟ್ನಿ ಬೇರೆ ಇಡಿ, ಅವಳಿಗೆ ಬೇಡ ಅವಳಿಗೆ ಗ್ಯಾಸು." ಅಮ್ಮ ಪಾತ್ರದವ್ರ ಅಳು ಅಲ್ಲಿಗೆ ನಿಂತಿತು. ಗೋಳಿಬಜೆ ಆಸೆಗೋ ಎಂತದೋ, ಹಿಂದಿನ ಸಾಲಿನಲ್ಲಿ ನಾಲ್ಕೈದು ಜನ ಎದ್ದು ಕ್ಯಾಂಟೀನ್ ಹುಡುಕ್ಲಿಕ್ಕೆ ಹೋದದ್ದನ್ನ ನಾನೇ ಸೈಡ್ ವಿಂಗಿಂದ ನೋಡಿದ್ದೇನೆ.

ಆಮೇಲೆ ಮೇನ್ ಹಾಡು. ಬಸ್ ಹೊರಟಿತು, ಸೀಟಿ ಬಿತ್ತು, ಟ್ರ್ಯಾಕ್ ಶುರು, ಹೀರೋ ಫುಟ್‌ಬೋರ್ಡಲ್ಲಿ ನೇತಾಡ್ತಾ ಹಾಡಿದ, ಉದ್ಯಾವರ ಬಂತು, ಅಲ್ಲಿಗೆ ಅವನ ಕೆನ್ನೆಯ ಟೇಪ್ ಬೆವರಿಗೆ ಜಾರಿ ಮೈಕ್ ಸೀದಾ ಖಾಕಿ ಶರ್ಟಿನ ಒಳಗೆ ಹೋಯ್ತು. ಈಗ ಹಾಲಿಗೆ ಕೇಳುದು ಹಾಡಲ್ಲ, ಅವನ ಎದೆ, ಅಕ್ಕಿ ಗಿರಣಿ ಹಾಗೆ ಡಬಡಬ ಡಬಡಬ. ಸೌಂಡಿನ ಹುಡುಗ ಹೆದರಿ ಅದನ್ನ ಬಂದ್ ಮಾಡ್ಲಿಕ್ಕೆ ಹೋಗಿ ಟ್ರ್ಯಾಕನ್ನೂ ಬಂದ್ ಮಾಡಿದ. ಪೂರ್ತಿ ನಿಶ್ಶಬ್ದ. ನಾವು ಬಸ್ ಹೊತ್ಕೊಂಡು ಕಟಪಾಡಿಯಲ್ಲಿ ನಿಂತಿದ್ದೇವೆ, ಹೀರೋ ಒಂದು ಕಾಲಲ್ಲಿ, ಎದುರಿಗೆ ಜನ. ಸಾವು ಮಾರಾಯ್ರೆ.

ಆಗ ಬದಿಯಿಂದ ಚಂಡೆಗೆ ಒಂದು ಪೆಟ್ಟು ಬಿತ್ತು. ಮುಗ್ದೇ ಹೋಯ್ತು ಅಂತ ನಾನು ನೋಡುವಾಗ ಭಾಗವತ್ರು ಕಣ್ಣು ಮುಚ್ಚಿ ತಾಳ ಎತ್ತಿಯಾಗಿದೆ. "ಕಟಪಾಡಿಯನು ದಾಟಿ ಕಾಪುವಿಗೆ ಬರಲಾಗ, ಟಿಕೆಟು ಟಿಕೆಟೆಂದವನು ನುಡಿದನೈ ಬೇಗ." ಎಂತ ಏರು ಸ್ವರ, ಮೈಕೇ ಬೇಡ. ಹೀರೋಗೆ ಮೊದಲು ಅರ್ಥ ಆಗ್ಲಿಲ್ಲ, ಆಮೇಲೆ ಹಾಡುವ ಕೆಲಸ ತನ್ನದಲ್ಲ ಅಂತ ಗೊತ್ತಾದದ್ದೇ, ಅಬ್ಬಾ, ಆ ಹುಡುಗ ಕುಣಿದದ್ದು ನೋಡ್ಬೇಕಿತ್ತು! ಉಚ್ಚಿಲದಲ್ಲಿ ಮಂಡಿಯಲ್ಲಿ ತಿರುಗಿದ, ಪಡುಬಿದ್ರಿಯಲ್ಲಿ ಹಾರಿದ, ಅಷ್ಟು ದಿನ ರಿಹರ್ಸಲಲ್ಲಿ ನೀರು ಕೇಳ್ತಿದ್ದವ ಇವನೇನಾ ಅಂತ. ಚಂಡೆಯವ್ರೂ ಬಿಡ್ಲಿಲ್ಲ. ಒಳಗೆ ನಮ್ಮ ಕೈ ಬೆವರಿ ಪೈಪ್ ಜಾರ್ತಾ ಉಂಟು, ಹೆಜ್ಜೆ ಡಬಲ್ ಆಯ್ತು, ಮುಂದಿನವ ಓಡ್ತಾನೆ, ಹಿಂದಿನವ್ರು ಎಳೆದುಕೊಂಡು ಹೋಗ್ತೇವೆ. ಮೇಷ್ಟ್ರ ಟೋಲು-ಗೋಳು ಯಾವಾಗ ದಾಟಿತು ಅಂತ್ಲೇ ಗೊತ್ತಾಗ್ಲಿಲ್ಲ.

ಮೂಲ್ಕಿಯಲ್ಲಿ ಹೀರೋಯಿನ್ ಕೊಡೆ ಹಿಡಿದು ನಿಂತಿದ್ದಾಳೆ. ಕೈ ಅಡ್ಡ ಹಿಡಿದಿದ್ದಾಳೆ. ಮುಖದಲ್ಲಿ ನಾಚಿಕೆ, ಡೈರೆಕ್ಟ್ರು ಕಲಿಸಿದ್ದು. ನಾನು ಬಸ್ಸೊಳಗಿಂದ, "ಇಲ್ಲಿ ಸ್ಟಾಪ್ ಉಂಟಾ?" ಅಂತ ನನ್ನ ಒಂದೇ ಒಂದು ಡೈಲಾಗನ್ನ ಜೋರು ಹೇಳಿದೆ, ಆದ್ರೆ ಭಾಗವತ್ರ ಕಣ್ಣು ಮುಚ್ಚಿಯೇ ಉಂಟು. "ಮೂಲ್ಕಿಯನು ಹಿಂದಿಕ್ಕಿ ಹಳೆಯಂಗಡಿಯ ಕಂಡು..." ಹೋಯ್ತು. ಪದ್ಯ ಮೀರಿ ಬಸ್ ನಿಲ್ಲಿಸುವ ಧೈರ್ಯ ಯಾರಿಗುಂಟು? ಬಸ್ ಅವಳ ಎದುರಿಂದಲೇ ಪಾಸ್ ಆಯ್ತು, ನಾನು ಹಿಂದಿನ ಕಿಟಕಿಯಿಂದ ಅವಳನ್ನ ನೋಡಿದೆ, ಅವಳು ನನ್ನನ್ನ ನೋಡಿದ್ಲು, ನಾನೇ ಡ್ರೈವರ್ ಅನ್ನುವ ಹಾಗೆ. ಪಾವಂಜೆ, ಮುಕ್ಕ, ಎಲ್ಲಾ ಆಗಿ ಸುರತ್ಕಲಲ್ಲಿ ಬಿಡ್ತಿಗೆ, ಅಂದ್ರೆ ಪದ್ಯ ಮುಗಿಸುವ ಪೆಟ್ಟು, ಬಿತ್ತು.

ಬಸ್ ನಿಂತಿದೆ. ಮುಂದಿನ ಡೈಲಾಗ್ ಹೀರೋಯಿನ್‌ದ್ದು. ಹೀರೋಯಿನ್ ಮೂಲ್ಕಿಯಲ್ಲಿ.

ಅವಳು ಕೊಡೆ ಮಡಚಿದ್ಲು, ಹಿಂದಿನ ಪರದೆಯ ಆಚೆಯಿಂದ ಓಡಿದ್ಲು, ದಡದಡ ಕಾಲಿನ ಸದ್ದು ಇಡೀ ಹಾಲಿಗೆ ಕೇಳಿತು, ಈ ಕಡೆ ವಿಂಗಿಂದ ಏದುಸಿರು ಬಿಡ್ತಾ ಬಂದು ಹೀರೋ ಎದುರು ನಿಂತು ಹೇಳಿದ್ಲು: "ಕೈ ತೋರಿಸಿದ್ರೂ ನಿಲ್ಲಿಸ್ಲಿಲ್ಲ ಅಲ್ವಾ? ಹಿಂದಿನ ಬಸ್ಸಲ್ಲಿ ಬಂದೆ. ಈಗ ಚಿಲ್ಲರೆ ಕೇಳಿ ನೋಡುವ!"

ಆ ಚಪ್ಪಾಳೆ, ಆ ಸೀಟಿ! ಹಾಲಲ್ಲಿದ್ದ ಒಬ್ಬೊಬ್ಬನಿಗೂ ಒಂದಲ್ಲ ಒಂದು ಎಕ್ಸ್‌ಪ್ರೆಸ್ ನಿಲ್ಲದೆ ಹೋಗಿರ್ತದೆ, ಎಲ್ಲರ ಸಿಟ್ಟೂ ಒಟ್ಟಿಗೆ ಹೊರಗೆ ಬಂತು. ಹೀರೋ ಉತ್ತರ ಕೊಡ್ಬೇಕು, ಮೈಕ್ ಇಲ್ಲ, ಅವನು ಎಂತ ಮಾಡಿದ, ಬಗ್ಗಿ ಅವಳ ಕೆನ್ನೆಯ ಮೈಕಿಗೆ ಬಾಯಿ ತಂದು "ಮುಂದಿನ ಸಲ ನಿಲ್ಲಿಸ್ತೇನೆ" ಅಂದ. ಜಾಗದ ಅಭಾವಕ್ಕೆ ಮಾಡಿದ್ದು ಅದು, ರೊಮ್ಯಾನ್ಸ್ ಅಲ್ಲ. ಆದ್ರೆ ಸೀಟಿ ಡಬಲ್ ಆಯ್ತು. ಎದುರಿನ ಸಾಲಲ್ಲಿ ಅವನ ಅಮ್ಮ ಕೂತಿದ್ರು, ಪಕ್ಕದವ್ರ ಹತ್ರ, "ಹುಡುಗಿ ಯಾರ ಮನೆಯವ್ಳು?" ಅಂತ ವಿಚಾರಿಸ್ಲಿಕ್ಕೆ ಶುರು ಮಾಡಿದ್ರು ಅಂತ ಆಮೇಲೆ ಸುದ್ದಿ.

ನಾಟಕ ಮುಗಿದ್ಮೇಲೆ ಒಬ್ರು ಹಿರಿಯರು ಸ್ಟೇಜಿಗೆ ಬಂದು ಡೈರೆಕ್ಟ್ರ ಕೈ ಹಿಡ್ಕೊಂಡು, ಆ ಬಸ್ ತಪ್ಪಿಸುವ ಸೀನ್ ಉಂಟಲ್ಲ ಅದು ಅದ್ಭುತ, ಹಾಡು ಒಬ್ಬನಿಗೆ ಕುಣಿತ ಒಬ್ಬನಿಗೆ ಕೊಟ್ಟದ್ದು ಎಂತ ಕಲ್ಪನೆ ಮಾರಾಯ್ರೆ ಅಂದ್ರು. ಡೈರೆಕ್ಟ್ರು ಕಣ್ಣು ತಗ್ಗಿಸಿ, "ಎಲ್ಲಾ ಕಾರಂತರ ಪ್ರಭಾವ" ಅಂದ್ರು. ಯಾವ ಕಾರಂತ್ರು ಅಂತ ಅವ್ರು ಹೇಳ್ಲಿಲ್ಲ, ಇವ್ರು ಕೇಳ್ಲಿಲ್ಲ. ಭಾಗವತ್ರು ಮಾತ್ರ ಮೂಲೆಯಲ್ಲಿ ಕೂತು ವೀಳ್ಯಕ್ಕೆ ಸುಣ್ಣ ಹಚ್ತಾ, "ಎರಡು ನಿಮಿಷ ಆಯ್ತಾ?" ಅಂತ ಕೇಳಿದ್ರು. ಮೇಷ್ಟ್ರು ಇನ್ನೂ ಮಾತು ಬಿಟ್ಟಿದ್ದಾರೆ, ಟೋಲಿನ ಪದ್ಯ ಹೋದದ್ದಕ್ಕೆ.

ಮುಂದಿನ ಶೋ ಕುಂದಾಪ್ರದಲ್ಲಿ ಅಂತೆ, ಹಾಗಾಗಿ ಬಸ್ಸಿನ ರೂಟು ಕೂಡ ಆ ಕಡೆಗೆ ತಿರುಗ್ಸುವ ಅಂತ ತೀರ್ಮಾನ ಆಗಿದೆ. ಭಾಗವತ್ರು ಆಗಲೇ ಬೆರಳು ಮಡಚಿ ಲೆಕ್ಕ ಹಾಕ್ಲಿಕ್ಕೆ ಶುರು ಮಾಡಿದ್ದಾರೆ, ಸಂತೆಕಟ್ಟೆ, ಬ್ರಹ್ಮಾವರ, ಸಾಲಿಗ್ರಾಮ, ಕೋಟ, ತೆಕ್ಕಟ್ಟೆ, ಕುಂಭಾಶಿ, ಕೋಟೇಶ್ವರ. ಹೀರೋಯಿನ್ ಮೊನ್ನೆ ಗ್ರೂಪಲ್ಲಿ ಮೆಸೇಜ್ ಹಾಕಿದ್ದಾಳೆ, ತನಗೆ ಸ್ಟಾಪ್ ಬೇಡ, ಉಡುಪಿ ಬಸ್‌ಸ್ಟ್ಯಾಂಡಲ್ಲೇ ಹತ್ತಿ ಸೀಟ್ ಹಿಡಿದು ಕೂತ್ಕೊಳ್ತಾಳಂತೆ.