ತಲೆಯಾಡಿಸಿ ಕೆಟ್ಟೆ

ಅರ್ಥವಾಗದಿದ್ದರೂ ತಲೆಯಾಡಿಸುವುದು ನನ್ನ ಹಳೇ ಚಟ. ಲೆಕ್ಕದ ಮೇಷ್ಟ್ರ ಮುಂದೆ ಕಲಿತದ್ದು. ಅದು ಒಂದು ದಿನ ನನ್ನನ್ನು ಕಾಳಿ ನದಿಗೆ ಎತ್ತಿ ಹಾಕುತ್ತದೆ ಅಂತ ಗೊತ್ತಿರಲಿಲ್ಲ.

ದಾಂಡೇಲಿ ದಾಟಿ ಗಣೇಶಗುಡಿಗೆ ರಾಫ್ಟಿಂಗ್‌ಗೆ ಹೋಗಿದ್ದೆವು. ಸೂಪಾ ಅಣೆಕಟ್ಟಿನ ಬುಡದ ಪುಟ್ಟ ಊರು. ನಿಜವಾದ ಸೂಪಾ ಆ 101 ಮೀಟರ್ ಎತ್ತರದ ಕಟ್ಟೆಯ ಹಿಂದೆ ನೀರಿನಡಿ ಇದೆ. ಊರು ಮುಳುಗಿತು, ಹೆಸರು ತೇಲಿತು. ಮೇಲೆ ಕರೆಂಟಿಗೆ ನೀರು ಬಿಟ್ಟರೆ ಇಲ್ಲಿ ಅಲೆ. ಅಂದರೆ ಬೆಂಗಳೂರಲ್ಲಿ ಯಾರೋ ಮಿಕ್ಸಿ ಹಾಕಿದರೆ ಇಲ್ಲಿ ನಾನು ಗಿರಗಿರ ತಿರುಗುತ್ತೇನೆ.

ಗೈಡ್ ಹುಡುಗ ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಪಾಠ ಮಾಡಿದ. ತಲೆಯಾಡಿಸಿದೆ. ಮೊದಲ ಸುಳಿ ಬಂದಾಗ 'ಡೌನ್' ಅಂತ ಕೂಗಿದ. ಎಲ್ಲರೂ ರಾಫ್ಟಿನೊಳಗೆ ಕುಕ್ಕರಿಸಿದರು. ನಾನು ಕೆಳಗೆ ಏನಿದೆ ಅಂತ ಬಗ್ಗಿ ನೋಡಿದೆ. ನೀರಿತ್ತು. ಲೈಫ್ ಜಾಕೆಟ್ ಕಿವಿವರೆಗೆ ಏರಿತು, ಕನ್ನಡಕ ಕಾಳಿಯ ಪಾಲಾಯಿತು. ಅಕ್ಕಿ ಮೂಟೆ ಎಳೆದ ಹಾಗೆ ನನ್ನನ್ನು ಮೇಲೆಳೆದು ಹಾಕಿದರು.

ಒದ್ದೆ ಚಡ್ಡಿಯಲ್ಲೇ ಜೋಯಿಡಾಕ್ಕೆ ಹೋದೆವು. ಸುತ್ತಲಿನ ಕಾಡಿನ ಹಳಬರು ಕುಣಬಿಗಳು. ಗೆಡ್ಡೆ ಗೆಣಸು ಬೆಳೆಯುವುದರಲ್ಲಿ ಇವರದ್ದು ಎತ್ತಿದ ಕೈ, ಅದಕ್ಕಾಗಿ ಇಲ್ಲಿ ಮೇಳವೇ ನಡೆಯುತ್ತದೆ. ಪಕ್ಕದ ಗೋವಾದ ಕುಣಬಿಗಳು 2003ರಲ್ಲೇ ಪರಿಶಿಷ್ಟ ಪಂಗಡದ ಪಟ್ಟಿ ಸೇರಿದರು. ಇವರು ಕೇಳುತ್ತಲೇ ಬಂದಿದ್ದಾರೆ. ಕೇಳಿಸಿಕೊಂಡವರು ತಲೆಯಾಡಿಸಿ ಹೋಗಿರಬೇಕು, ನನ್ನಂಥವರೇ.

ಒಬ್ಬ ಅಜ್ಜಿ ಸುವರ್ಣಗಡ್ಡೆ ಮಾರುತ್ತಿದ್ದರು. ಮಣ್ಣು ಮೆತ್ತಿದ, ಮಗುವಿನ ತಲೆಯಷ್ಟು ದಪ್ಪನೆಯದು. ದುಡ್ಡು ತೆಗೆದುಕೊಂಡು ಕೊಂಕಣಿಯಲ್ಲಿ ಏನೇನೋ ಹೇಳಿದರು. ಕನ್ನಡಕ ಬೇರೆ ಇಲ್ಲ, ಮಂಜು ಮಂಜು. ಎರಡೂ ಅಂಗೈ ಸೇರಿಸಿದ್ದು ಕಂಡಿತು. ಎಂಥ ಸಂಸ್ಕಾರ ಅಂದುಕೊಂಡು, ನಾನೂ ಕೈ ಮುಗಿದು ಜೋರಾಗಿ ತಲೆಯಾಡಿಸಿದೆ. ಅಜ್ಜಿ ನಕ್ಕರು.

ಮನೆಗೆ ಬಂದು ನಾನೇ ಗಡ್ಡೆ ಹೆಚ್ಚಲು ಕೂತೆ. ಎರಡೇ ನಿಮಿಷ. ಬೆರಳಿನಿಂದ ಶುರುವಾದ ತುರಿಕೆ ಮೊಣಕೈ ಮುಟ್ಟಿತು. ಕೆರೆದಷ್ಟೂ ಜಾಸ್ತಿ. ಅದೇ ಕೈಯಲ್ಲಿ ಮೂಗು ಬೇರೆ ಒರೆಸಿಕೊಂಡಿದ್ದೆ.

ಹೆಂಡತಿ ಹುಣಸೆನೀರು ಸುರಿಯುತ್ತಾ ಕೇಳಿದಳು: "ಹೆಚ್ಚೋ ಮುಂಚೆ ಕೈಗೆ ಎಣ್ಣೆ ಹಚ್ಕೋಬೇಕು ಅಂತ ಆ ಅಜ್ಜಿ ಹೇಳ್ಲಿಲ್ವಾ?" ಹೇಳುತ್ತಲೇ ಎರಡೂ ಅಂಗೈ ಸೇರಿಸಿ ಉಜ್ಜಿ ತೋರಿಸಿದಳು.

ಆ ಕೈಗಳನ್ನೇ ನೋಡುತ್ತಾ ಕೂತೆ.

"ಹೇಳಿದ್ರು," ಅಂದೆ. "ನಾನು ನಮಸ್ಕಾರ ಮಾಡಿ ಬಂದೆ."