ಕದ್ದು ತಂದದ್ದಲ್ಲ, ಕರೆದು ಕೂರಿಸಿದ್ದು

ಯುರೋಪಿನ ಕಲೆಯ ಕುರಿತ ಲೇಖನವೊಂದರಲ್ಲಿ, ಗ್ರೀಕ್-ರೋಮನ್ ಪುರಾಣಗಳನ್ನು ಕಲಾವಿದರು ‘ಚರ್ಚಿನ ಕಣ್ಣು ತಪ್ಪಿಸಿ’ ತಮ್ಮ ಕೃತಿಗಳೊಳಗೆ ತಂದರು ಎಂದಿರುವ ಲೇಖಕರ ಮಾತನ್ನು ಒಪ್ಪಲಾರೆ. ಯಾರ ಕಣ್ಣು ತಪ್ಪಿಸಿ? ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್ಲಿನ ಛಾವಣಿಯನ್ನು (1508-12) ಮೈಕೆಲೆಂಜೆಲೊನಿಂದ ಬರೆಸಿದವರು ಸ್ವತಃ ಪೋಪ್ ಎರಡನೆಯ ಜೂಲಿಯಸ್. ಅಲ್ಲಿ ಬೈಬಲ್ಲಿನ ಏಳು ಪ್ರವಾದಿಗಳ ಸರಿಸಮಕ್ಕೆ ಐವರು ಸಿಬಿಲ್‌ಗಳು, ಅಂದರೆ ಗ್ರೀಕ್-ರೋಮನ್ ಲೋಕದ ಕಣಿ ಹೇಳುವ ಹೆಂಗಸರು, ಕುಳಿತಿದ್ದಾರೆ. ಕ್ರಿಸ್ತನ ಬರವನ್ನು ಅವರೂ ಮುಂಗಂಡಿದ್ದರು ಎಂಬ ನಂಬಿಕೆ ಚರ್ಚಿನೊಳಗೇ ಹಳೆಯದು. ಕತ್ತು ನೋಯುವಷ್ಟು ಹೊತ್ತು ತಲೆಯೆತ್ತಿ ನೋಡಿದ್ದೇನೆ. ಲಿಬಿಯಾದ ಸಿಬಿಲ್ ಬೆನ್ನು ತಿರುಗಿಸಿ ಆ ದೊಡ್ಡ ಗ್ರಂಥ ಹಿಡಿದಿರುವ ಠೀವಿಯ ಮುಂದೆ ಪಕ್ಕದ ಪ್ರವಾದಿಗಳು ನನಗೆ ಮಂಕಾಗಿಯೇ ಕಂಡರು.

ಅದೇ ಚಾಪೆಲ್ಲಿನಲ್ಲಿ ಮೈಕೆಲೆಂಜೆಲೊನೇ ಬರೆದ ‘ಅಂತಿಮ ತೀರ್ಪು’ ಚಿತ್ರದಲ್ಲಿ ಪಾಪಿಗಳನ್ನು ದೋಣಿಯ ಹುಟ್ಟಿನಿಂದ ಬಡಿದು ಕೆಳಗಿಳಿಸುವವನು ಕೇರಾನ್, ಗ್ರೀಕ್ ಪುರಾಣದಲ್ಲಿ ಸತ್ತವರನ್ನು ನದಿ ದಾಟಿಸುವ ಅಂಬಿಗ. ಕ್ಯಾಥೊಲಿಕ್ ಚರ್ಚಿನ ಕಟ್ಟುಪಾಡು ಬಿಗಿಗೊಳಿಸಿದ ಟ್ರೆಂಟ್ ಧರ್ಮಸಭೆಯ ನಂತರ, 1565ರಲ್ಲಿ, ಆ ಚಿತ್ರಕ್ಕೆ ಬಟ್ಟೆ ಬರೆಸಿದಾಗಲೂ ಅದು ಬಿದ್ದದ್ದು ಬೆತ್ತಲೆ ಮೈಗಳ ಮೇಲೆ. ಕೇರಾನ್ ಇದ್ದಲ್ಲೇ ಉಳಿದ.

ಬೆನ್ನಟ್ಟಿದ ಅಪೊಲೊ ದೇವನಿಂದ ತಪ್ಪಿಸಿಕೊಳ್ಳಲು ಡಾಫ್ನೆ ಮರವಾಗುವ ಗ್ರೀಕ್ ಕಥೆಯನ್ನು ಕಡೆದ, ಇಟಲಿಯ ಶಿಲ್ಪಿ ಬರ್ನಿನಿಯ ‘ಅಪೊಲೊ ಮತ್ತು ಡಾಫ್ನೆ’ಯನ್ನು ಲೇಖಕರು ‘ಧರ್ಮದ ಸೋಂಕಿಲ್ಲದ ಶಿಲ್ಪ’ ಎಂದದ್ದು ಇನ್ನೂ ವಿಚಿತ್ರ. ಮಾಡಿಸಿದವರು ಕಾರ್ಡಿನಲ್ ಶಿಪಿಯೋನೆ ಬೊರ್ಗೆಸೆ. ಪೀಠದ ಲ್ಯಾಟಿನ್ ದ್ವಿಪದಿ ಮುಂದೆ ಪೋಪ್ ಎಂಟನೆಯ ಅರ್ಬನ್ ಆದ ಮಾಫೆಯೊ ಬಾರ್ಬೆರಿನಿಯದು: ಓಡಿಹೋಗುವ ಚೆಲುವಿನ ಬೆನ್ನುಹತ್ತಿದವನ ಕೈಗೆ ದಕ್ಕುವುದು ಎಲೆ, ಇಲ್ಲವೇ ಕಹಿಹಣ್ಣು. ಆ ಅಮೃತಶಿಲೆಯ ಮೈಮಾಟಕ್ಕೆ ಇಷ್ಟು ನೀತಿಪಾಠ ಸಾಕಾಯಿತೇ ಎಂದು ಲೇಖಕರು ಕೇಳಿದ್ದರೆ ಜೊತೆಗೆ ನಾನೂ ನಗುತ್ತಿದ್ದೆ.