ಅಕ್ಕನ ಮಾಳಿಗೆಯಲ್ಲಿ ನಮ್ಮೂರ ಗುಳ್ಳ

ಕೊನೆಗೂ ಹೋಗಿ ಬಂದೆ. ಐದು ವರ್ಷದಿಂದ ಬರೀ ಫೋಟೊದಲ್ಲಿ ನೋಡುತ್ತಿದ್ದ ತೋಟವನ್ನು ಕಳೆದ ಭಾನುವಾರ ಕಣ್ಣಾರೆ ನೋಡಿದೆ. ತೋಟದ ಒಡತಿಯನ್ನೂ ಅವತ್ತೇ ಮೊದಲ ಸಲ ನೋಡಿದ್ದು. ಅವತ್ತಿನಿಂದ ಬರೆಯಬೇಕು ಅಂತಿದ್ದೆ. ಇವತ್ತು ಕೂತೆ.

ಪರಿಚಯ ಆಗಿದ್ದು 2020ರ ಲಾಕ್‌ಡೌನ್ ಸಮಯದಲ್ಲಿ, ಇಲ್ಲೇ ಫೇಸ್‌ಬುಕ್‌ನಲ್ಲಿ. ಆಗ ಬೆಂಗಳೂರಿನಲ್ಲಿ ಎಷ್ಟೋ ಜನ ಮಾಳಿಗೆ ಮೇಲೆ ಸೊಪ್ಪು, ಟೊಮೆಟೊ ಅಂತ ಶುರು ಮಾಡಿದ್ದರು. ಈ ತೋಟದ ಒಡತಿಯೂ ಒಂದು ಫೋಟೊ ಹಾಕಿದ್ದರು. ಬದನೆ ಗಿಡದ ಬುಡದಲ್ಲಿ ಉದುರಿದ ನೇರಳೆ ಹೂಗಳು. "ದಿನಾ ಹೀಗೇ ಉದುರುತ್ತೆ, ಒಂದು ಕಾಯಿ ಕಚ್ಚಿಲ್ಲ" ಅಂತ ಎರಡು ಸಾಲು. ಜನ ಗೊಬ್ಬರ ಹೇಳಿದರು, ಔಷಧಿ ಹೇಳಿದರು. ನಾನು ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ. "ಬೆಳಗ್ಗೆ ಹೂವನ್ನು ಬೆರಳಲ್ಲಿ ಮೆಲ್ಲ ತಟ್ಟಲಿಕ್ಕೆ ಹೇಳು" ಅಂದರು ಅಮ್ಮ. ಅದನ್ನೇ ಬರೆದೆ. ಸ್ವಲ್ಪ ದಿನ ಬಿಟ್ಟು ಗೋಲಿಯಷ್ಟು ದಪ್ಪದ ಕಾಯಿಯ ಫೋಟೊ ಬಂತು. ಅವತ್ತಿನಿಂದ ಅವರು ನನಗೆ ಅಕ್ಕ.

ನಮ್ಮೂರು ಉಡುಪಿ ಕಡೆ, ಕಟಪಾಡಿಯ ಹತ್ತಿರ. ಮಟ್ಟುಗುಳ್ಳ ಗೊತ್ತಲ್ವಾ? ಮಟ್ಟು ಅನ್ನೋ ಊರಲ್ಲಿ ಬೆಳೆಯುವ ತಿಳಿ ಹಸಿರು ಬಣ್ಣದ ದುಂಡು ಬದನೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದು ಅಂತ ನಮ್ಮ ಕಡೆ ನಂಬಿಕೆ. ಕೃಷ್ಣ ಮಠದ ಪರ್ಯಾಯ ಉತ್ಸವಕ್ಕೆ ಹೊರೆಕಾಣಿಕೆಯಾಗಿ ಹೋಗುತ್ತದೆ. 2011ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ಬೆಳೆ ಅನ್ನುವ ಸರ್ಕಾರಿ ಗುರುತು ಕೂಡ ಸಿಕ್ಕಿತು. ನಮ್ಮ ಮನೆ ಹಿತ್ತಲಲ್ಲೂ ಅಮ್ಮ ಆ ಗುಳ್ಳ ಹಾಕುತ್ತಿದ್ದರು. ಮಾರುವುದಕ್ಕಲ್ಲ, ಮನೆ ಖರ್ಚಿಗೆ. ಅಕ್ಕ ಆಸೆಯಿಂದ ಕೇಳಿದರು ಅಂತ ಅಮ್ಮನ ಹತ್ತಿರ ಬೀಜ ತರಿಸಿ, ಒಂದು ಕವರ್‌ನಲ್ಲಿ ಹಾಕಿ ಅಂಚೆಗೆ ಹಾಕಿದ್ದೆ. ಆಮೇಲೆ ಪ್ರತಿ ವರ್ಷ ಗುಳ್ಳದ ಫೋಟೊ ಬರುತ್ತಿತ್ತು. ನಾನು ಲೈಕ್ ಒತ್ತುತ್ತಿದ್ದೆ. "ಒಂದು ಸಲ ಬನ್ನಿ" ಅಂತ ಅವರು, "ಬರ್ತೀನಿ ಅಕ್ಕ" ಅಂತ ನಾನು.

ನಾನಿರುವುದು ದಾಸರಹಳ್ಳಿ. ಅವರ ಮನೆ ಕೋಣನಕುಂಟೆ ಕ್ರಾಸ್ ಹತ್ತಿರ. ಊರಿನ ಆ ತುದಿ, ಈ ತುದಿ. ಅದೇ ನೆಪದಲ್ಲಿ ಐದು ವರ್ಷ ಹೋಯಿತು. ನಿಜ ಹೇಳಬೇಕಂದರೆ ಹಸಿರು ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸುವ ಕೆಲಸವೇ ಇಲ್ಲ. ಒಂದೇ ಗಾಡಿಯಲ್ಲಿ ಹೋಗಿ ಇಳಿದೆ.

ಬಾಗಿಲು ತೆಗೆದ ಅಕ್ಕನ ದನಿ ನಾನು ಅಂದುಕೊಂಡಿದ್ದ ದನಿ ಅಲ್ಲ. ಅವರ ಬರಹ ಓದಿ ಓದಿ ಗಟ್ಟಿ ದನಿಯ, ಮಾತು ಜಾಸ್ತಿ ಆಡುವ ಹೆಂಗಸು ಅಂತ ಮನಸ್ಸಲ್ಲೇ ಮಾಡಿಟ್ಟುಕೊಂಡಿದ್ದೆ. ಎದುರಿಗೆ ನಿಂತವರು ಮೆಲುದನಿಯವರು. ಕೇಳಿದ್ದಕ್ಕೆ ಉತ್ತರ, ಆಮೇಲೆ ಒಂದು ನಗು. ಕಾಫಿ ಕುಡಿಯುವವರೆಗೆ ಇಬ್ಬರಿಗೂ ಮಾತು ಹೊರಡಲಿಲ್ಲ. ದಿನಾ ಮೆಸೇಜ್ ಮಾಡುವವರು ಎದುರಾಬದುರು ಕೂತು ಏನು ಕೇಳೋದು ಅಂತ ಹುಡುಕುತ್ತಿದ್ದೆವು. "ಮೇಲೆ ಹೋಗೋಣ್ವಾ?" ಅಂದರು ಅಕ್ಕ. ಮೆಟ್ಟಿಲು ಹತ್ತುವಾಗ ಒಂದು ಕೈ ಗೋಡೆಗೆ, ಒಂದು ಕೈ ಮಂಡಿಗೆ. ಮಂಡಿ ನೋವು ಅಂತ ಒಂದು ದಿನವೂ ಬರೆದಿರಲಿಲ್ಲ. ಗಿಡಕ್ಕೆ ಹಾಕುವ ನೀರನ್ನು ಈ ಮೆಟ್ಟಿಲಲ್ಲೇ ಕೊಡದಲ್ಲಿ ಹೊರುತ್ತಾರೆ.

ಮೇಲೆ ಕಾಲಿಡುತ್ತಿದ್ದ ಹಾಗೆ ಮೊದಲು ಬಂದದ್ದು ವಾಸನೆ. ಅವರೆಕಾಯಿ ಚಪ್ಪರ ತುಂಬಾ ಹಬ್ಬಿತ್ತು. ಅಕ್ಕ ಒಂದು ಕಾಯಿ ಕಿತ್ತು ನನ್ನ ಅಂಗೈಯಲ್ಲಿಟ್ಟು "ಉಜ್ಜಿ ನೋಡಿ" ಅಂದರು. ಸಿಪ್ಪೆಯ ಎಣ್ಣೆ ಕೈಗೆ ಅಂಟಿತು. ಸೊಗಡು! ಮಧ್ಯಾಹ್ನ ಊಟಕ್ಕೆ ಕೈ ತೊಳೆದ ಮೇಲೂ ಇತ್ತು. ಅದೇ ಚಪ್ಪರದ ಫೋಟೊಗೆ ಹೋದ ವರ್ಷ ನಾನು ಮೂರು ಹೃದಯ ಹಾಕಿದ್ದೆ. ಆ ಫೋಟೊದಲ್ಲಿ ಇದಿರಲಿಲ್ಲ.

ಆಮೇಲೆ ಗುಳ್ಳ. ಐದು ಗಿಡ, ತೊಲೆಯ ಮೇಲೆ ಬರುವ ಹಾಗೆ ಗೋಡೆ ಬದಿಗೆ ಸಾಲಾಗಿ ಇಟ್ಟಿದ್ದರು. ಒದ್ದೆ ಮಣ್ಣು ತುಂಬಾ ಭಾರ, ತಾರಸಿಯ ನಡುವೆ ಇಡಬಾರದು ಅಂದರು. ಮಣ್ಣು ಅಂದರೂ ಅರ್ಧಕ್ಕೆ ಅರ್ಧ ತರಗೆಲೆ ಗೊಬ್ಬರ. ಬೀದಿಯ ಹೊಂಗೆ ಮರದ ಎಲೆಯನ್ನು ಯಾರಾದರೂ ಗುಡಿಸಿ ಬೆಂಕಿ ಹಚ್ಚುವ ಮೊದಲೇ ಚೀಲಕ್ಕೆ ತುಂಬಿ ತರುತ್ತಾರೆ. ಮಾಳಿಗೆ ಮೇಲೆ ರಾಸಾಯನಿಕ ಇಲ್ಲದೆ ತರಕಾರಿ ಬೆಳೆಯುವುದನ್ನು ಬೆಂಗಳೂರಿಗೆ ಕಲಿಸಿದವರು ಡಾ. ಬಿ.ಎನ್. ವಿಶ್ವನಾಥ್. ಮಾಳಿಗೆ ತೋಟದವರೆಲ್ಲ ಸೇರುವ 'ಊಟ ಫ್ರಂ ಯುವರ್ ತೋಟ' ಸಂತೆಗಳಿಗೆ ಅಕ್ಕ ಹಿಂದೆಲ್ಲ ತಪ್ಪದೆ ಹೋಗುತ್ತಿದ್ದರಂತೆ.

ಕೆಲವು ಹೂಗಳಿಗೆ ತೆಳು ಬಟ್ಟೆಯ ಪುಟ್ಟ ಚೀಲ ಕಟ್ಟಿತ್ತು. ಮದುವೆ ಮನೆಯಲ್ಲಿ ಅಡಿಕೆ, ಕಲ್ಲುಸಕ್ಕರೆ ಹಾಕಿ ಕೊಡುತ್ತಾರಲ್ಲ, ಅಂಥ ಚೀಲ. ಯಾಕೆ ಅಂತ ಕೇಳಿದೆ. ಆ ಕಡೆ ನೇರಳೆ ಗುಂಡು ಬದನೆಯೂ ಇದೆ. ಹುಳ ಅಲ್ಲಿಂದ ಇಲ್ಲಿಗೆ ಹಾರಿದರೆ ತಳಿ ಬೆರೆತು ಹೋಗಬಹುದು. ಬದನೆ ಹೂವು ತನಗೆ ತಾನೇ ಕಾಯಿ ಕಟ್ಟುವುದೇ ಹೆಚ್ಚು, ಆದರೂ ಬೆರಕೆ ಆಗುವುದುಂಟು. ಅದಕ್ಕೆ ಬೀಜಕ್ಕೆ ಬಿಡುವ ಕಾಯಿಯ ಹೂವನ್ನು ಮೊಗ್ಗಿನಲ್ಲೇ ಚೀಲದೊಳಗೆ ಕಟ್ಟುತ್ತಾರೆ. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ಕೆಂಪು ದಾರದ ಗುರುತು. "ನಿಮ್ಮಮ್ಮ ಕೊಟ್ಟಿದ್ದು, ಕೆಡಿಸಬಾರದಲ್ವಾ" ಅಂದರು.

ನನಗೆ ಮಾತೇ ಬರಲಿಲ್ಲ. ಐದು ವರ್ಷ ಈ ಕೆಲಸ ಮಾಡಿದ್ದಾರೆ. ಒಂದು ಪೋಸ್ಟ್‌ನಲ್ಲೂ ಹೇಳಿಕೊಂಡಿಲ್ಲ.

ಇನ್ನೊಂದು ತೋರಿಸಿದರು. "ಹೆಬ್ಬೆರಳ ಉಗುರು ಹೂವಿನ ಕೆಳಗೆ ಹಿಡೀರಿ" ಅಂದು ತೊಟ್ಟಿಗೆ ಟಕ್ ಅಂತ ಹೊಡೆದರು. ಉಗುರಿನ ಮೇಲೆ ತಿಳಿ ಹಳದಿ ಪುಡಿ. ಬದನೆ ಹೂವಿನಲ್ಲಿ ಪರಾಗ ಹೊರಗೆ ಹರಡಿಕೊಂಡಿರುವುದಿಲ್ಲ. ಹಳದಿ ಕೇಸರದ ಒಳಗಿರುತ್ತದೆ, ತುದಿಯಲ್ಲಿ ಸಣ್ಣ ತೂತು. ಉಪ್ಪಿನ ಡಬ್ಬಿಯ ಹಾಗೆ ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ತುಡುವೆ ಜೇನಿಗೆ ಆ ಕೆಲಸ ಬರುವುದಿಲ್ಲ. ಹೊಟ್ಟೆ ಮೇಲೆ ನೀಲಿ ಪಟ್ಟಿ ಇರುವ ಒಂದು ಜೇನಿದೆ. ಅದು ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸುತ್ತದೆ. ನಾವಲ್ಲಿ ನಿಂತಿದ್ದಾಗಲೇ ಒಂದು ಬಂತು. ಹಾರುವಾಗಿನ ಸದ್ದೇ ಬೇರೆ, ಹೂವು ಹಿಡಿದಾಗ ಜುಂಯ್ ಅಂತ ಏರುವ ಸದ್ದೇ ಬೇರೆ. ಅಮ್ಮ ಬೆರಳಲ್ಲಿ ತಟ್ಟು ಅಂದದ್ದು ಆ ಹುಳದ ಕೆಲಸವನ್ನೇ. ಅಮ್ಮನಿಗೆ ಅದನ್ನು ಅವರ ಅತ್ತೆ ಹೇಳಿಕೊಟ್ಟಿದ್ದರು.

ಎಲ್ಲ ಹೂವೂ ಕಾಯಿ ಆಗಲ್ಲ ಅಂತಲೂ ಅಕ್ಕ ತೋರಿಸಿದರು. ಹೂವಿನ ನಡುವಿನ ಹಸಿರು ಕಡ್ಡಿ ಕೇಸರಕ್ಕಿಂತ ಉದ್ದ ಚಾಚಿದ್ದರೆ ಕಾಯಿ ಕಚ್ಚುತ್ತದೆ. ಒಳಗೇ ಗಿಡ್ಡವಾಗಿ ಅಡಗಿದ್ದರೆ ಆ ಹೂವು ಉದುರಿ ಹೋಗುತ್ತದೆ, ಎಷ್ಟು ತಟ್ಟಿದರೂ ಅಷ್ಟೇ. ಹೂವು ಉದುರಿತು ಅಂತ ಸಂಕಟ ಪಡುವವರಿಗೆ ಇದೊಂದು ಮಾತು ಗೊತ್ತಿದ್ದರೆ ಸಾಕು ಅನಿಸಿತು. ಸುಮ್ನೆ ಔಷಧಿಗೆ ದುಡ್ಡು ಸುರಿಯುವುದು ತಪ್ಪುತ್ತದೆ.

ಕೈ ತೊಳೆಯಲು ನೀರಿನ ಟ್ಯಾಂಕ್ ಹಿಂದೆ ಹೋದೆ. ಅಲ್ಲಿ ಖಾಲಿ ಕುಂಡಗಳು. ಒಂದರೊಳಗೊಂದು ಸೇರಿಸಿ ಎದೆ ಎತ್ತರಕ್ಕೆ ಒಟ್ಟಿದ್ದರು. ಕೆಲವದರಲ್ಲಿ ಒಣಗಿದ ಗುಲಾಬಿಯ ಮೋಟು ಹಾಗೇ ಇತ್ತು. ಫೋಟೊಗಳೆಲ್ಲ ಟ್ಯಾಂಕಿನ ಈ ಕಡೆ ನಿಂತು ತೆಗೆದವು. ಆ ಕಡೆ ಏನಿದೆ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

"2024ರದ್ದು" ಅಂದರು ಅಕ್ಕ.

ಆ ಬೇಸಿಗೆ ಯಾರೂ ಮರೆತಿರಲಿಕ್ಕಿಲ್ಲ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು. ಬೋರ್‌ವೆಲ್‌ಗಳು ಬತ್ತಿದ್ದವು. ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತು. ದಂಡ ಇಲ್ಲದಿದ್ದರೂ ಹಾಕುತ್ತಿರಲಿಲ್ಲ ಅಂದರು ಅಕ್ಕ. "ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರೋ ಕಾವೇರಿ ನೀರು. ಬೀದೀಲಿ ಜನ ಕೊಡ ಹಿಡಿದು ನಿಂತಿರುವಾಗ ಗುಲಾಬಿಗೆ ಹಾಕೋಕೆ ಹೇಗೆ ಮನಸ್ಸು ಬರುತ್ತೆ?"

ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು ಕೂಡಿಟ್ಟರು. ಫಿಲ್ಟರ್‌ನಿಂದ ಹೊರಬೀಳುವ ನೀರನ್ನೂ ಹಾಕಿ ನೋಡಿದರು. ಅದರಲ್ಲಿ ಉಪ್ಪಿನಂಶ ಜಾಸ್ತಿ, ಎಲೆಯ ಅಂಚು ಸುಟ್ಟ ಹಾಗಾಯಿತು, ನಿಲ್ಲಿಸಿದರು. ದಿನಕ್ಕೆ ಒಂದು ಬಕೆಟ್ ಕೂಡುತ್ತಿತ್ತು. ನೂರಿಪ್ಪತ್ತು ಕುಂಡ. ಯಾರಿಗೆ ಹಾಕಬೇಕು, ಯಾರನ್ನು ಬಿಡಬೇಕು ಅಂತ ಪ್ರತಿ ಸಂಜೆ ಇಲ್ಲಿ ನಿಂತು ಲೆಕ್ಕ ಹಾಕುತ್ತಿದ್ದರು. ಯಾರು, ಯಾರನ್ನು ಅಂತಲೇ ಅಂದರು, ಗಿಡಗಳ ಬಗ್ಗೆ. ತುಳಸಿ, ಕರಿಬೇವು, ಎರಡು ಗುಳ್ಳ ಉಳಿಸಿಕೊಂಡರು. ಇಪ್ಪತ್ತು ವರ್ಷ ಸಾಕಿದ ಗುಲಾಬಿಗಳನ್ನು ಬಿಟ್ಟರು. "ಗುಲಾಬಿ ಇನ್ನೊಂದು ತರಬಹುದು ಲಾಲ್‌ಬಾಗ್ ನರ್ಸರಿಯಿಂದ. ಈ ಬೀಜ ಎಲ್ಲಿಂದ ತರಲಿ?"

ಆ ಏಪ್ರಿಲ್‌ನಲ್ಲಿ ಅಕ್ಕ ಫೋಟೊ ಹಾಕುವುದು ನಿಲ್ಲಿಸಿದ್ದರು. ನಾನು ಬರೆದಿದ್ದೆ: "ಅಕ್ಕ, ಎಲ್ಲಿ ಕಾಣೆ? ಗುಲಾಬಿ ಫೋಟೊ ಹಾಕಿ." ಅವರು ಒಂದು ನಗುಮುಖ ಕಳಿಸಿದ್ದರು. ಬಿಡುವಿಲ್ಲ ಅಂದುಕೊಂಡು ಸುಮ್ಮನಾಗಿದ್ದೆ. ಟ್ಯಾಂಕಿನ ಹಿಂದೆ ನಿಂತಾಗ ಅದು ನೆನಪಾಗಿ ಹೊಟ್ಟೆಯಲ್ಲಿ ಏನೋ ಹಿಂಡಿದ ಹಾಗಾಯಿತು. ಅಷ್ಟು ಹತ್ತಿರದ ಗೆಳತಿ ಅನ್ನುತ್ತಿದ್ದೆ, ಒಂದು ಫೋನ್ ಮಾಡಿರಲಿಲ್ಲ.

ಇಲ್ಲಿ ನನ್ನ ಮನಸ್ಸಿನ ಮಾತು ಹೇಳಿಬಿಡುತ್ತೇನೆ. ನಾವು ಗಿಡದವರು ಹೂವು ಬಿಟ್ಟ ದಿನ ಮಾತ್ರ ಫೋಟೊ ಹಾಕುತ್ತೇವೆ. ಹಿಟ್ಟು ತಿಗಣೆ ಮುತ್ತಿದ ದಾಸವಾಳ, ಬುಡ ಕೊಳೆತ ಪಪ್ಪಾಯಿ, ನೀರಿಲ್ಲದೆ ಸತ್ತ ಗುಲಾಬಿ ಟ್ಯಾಂಕಿನ ಹಿಂದೆ ಹೋಗುತ್ತವೆ. ಹೊಸದಾಗಿ ಶುರು ಮಾಡಿದ ಹುಡುಗಿಯೊಬ್ಬಳು ಬರೀ ಹೂವಿನ ಫೋಟೊಗಳನ್ನೇ ನೋಡಿ, ನನ್ನ ಕೈಯಲ್ಲೇ ಏನೋ ದೋಷ ಇದೆ ಅಂತ ಎರಡು ಕುಂಡ ಎಸೆದು ಬಿಡುತ್ತಾಳೆ. ಅಂಥವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಸತ್ತ ಗಿಡದ ಫೋಟೊನೂ ಹಾಕಿ. ಯಾಕೆ ಸತ್ತಿತು ಅಂತ ಎರಡು ಸಾಲು ಬರೆಯಿರಿ. ನಾವು ಕಲಿಯೋದು ಅದರಿಂದಲೇ. ಮತ್ತೆ, ಯಾರಾದರೂ "ಒಂದು ಸಲ ಬನ್ನಿ" ಅಂದರೆ ಹೋಗಿ. ಅವರೆಕಾಯಿ ಮುಗಿಯೋದರೊಳಗೆ ಹೋಗಿ.

ಮಧ್ಯಾಹ್ನ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು, ಗುಳ್ಳದ ಎಣ್ಣೆಗಾಯಿ. ಅಕ್ಕ ಕೋಲಾರದ ಕಡೆಯವರು. ನಮ್ಮಲ್ಲಿ ಗುಳ್ಳ ಅಂದರೆ ಹುಳಿ, ಇಲ್ಲವೇ ಸುಟ್ಟು ಗೊಜ್ಜು. ಮುದ್ದೆ ಜೊತೆ ತಿಂದದ್ದು ಇದೇ ಮೊದಲು. "ನಿಮ್ಮೂರ ರುಚಿ ಇದೆಯಾ?" ಅಂತ ಮೆಲ್ಲಗೆ ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಆದರೆ ಊರಿನ ಗುಳ್ಳದ ಸಿಪ್ಪೆ ಬಾಯಲ್ಲಿ ಕರಗುತ್ತದೆ. ಇದರದು ಸ್ವಲ್ಪ ದಪ್ಪ. ಹಾಗೇ ಹೇಳಿದೆ. ಅಕ್ಕ ತಲೆ ಆಡಿಸಿದರು. "ಅದಕ್ಕೇ ನಾನು ಚೀಟೀಲಿ ಮಟ್ಟು ಅಂತ ಬರೆದಿಲ್ಲ. ಆ ಮಣ್ಣಲ್ಲಿ ಬೆಳೆದದ್ದಕ್ಕೆ ಆ ಹೆಸರು." ಮೇಲೆ ಕುಂಡಕ್ಕೆ ಸಿಕ್ಕಿಸಿದ್ದ ಚೀಟಿ ನೆನಪಾಯಿತು. 'ಗುಳ್ಳ – ಉಡುಪಿ ಅಮ್ಮ' ಅಂತಿತ್ತು.

ಹೊರಡುವಾಗ ಕೈಗೆ ಎರಡು ಗುಳ್ಳ ಮತ್ತು ಒಂದು ಸಣ್ಣ ಡಬ್ಬಿ ಕೊಟ್ಟರು. ಬೂದಿಯಲ್ಲಿ ಹೊರಳಿಸಿ ಒಣಗಿಸಿದ ಬೀಜ.

ಅಕ್ಕನಿಗೆ ನಾನು ಹೇಳಿರದ ಒಂದು ವಿಷಯ ಇತ್ತು. ಅಮ್ಮ ಎರಡು ವರ್ಷದಿಂದ ಗುಳ್ಳ ಹಾಕಿಲ್ಲ. ಆಪರೇಷನ್ ಆದ ಮೇಲೆ ಬಗ್ಗಿ ಕೆಲಸ ಮಾಡಲು ಆಗುತ್ತಿರಲಿಲ್ಲ. ಈ ವರ್ಷ ಹಾಕೋಣ ಅಂತ ಡಬ್ಬಿ ತೆಗೆದರೆ ಬೀಜಕ್ಕೆಲ್ಲ ಬೂಷ್ಟು ಹಿಡಿದಿತ್ತು. ಕರಾವಳಿಯ ಹವೆಯಲ್ಲಿ ಬೀಜ ಬೇಗ ಕೆಡುತ್ತದೆ. ಮೊಳಕೆಗೆ ಹಾಕಿ ನೋಡಿದರು, ಒಂದೂ ಬರಲಿಲ್ಲ. ಅತ್ತೆಯಿಂದ ಬಂದದ್ದು ನನ್ನ ಕೈಯಲ್ಲಿ ಹೋಯಿತಲ್ಲ ಅಂತ ಫೋನ್‌ನಲ್ಲಿ ಒಮ್ಮೆ ಅಂದಿದ್ದರು. ಆಮೇಲೆ ಆ ಮಾತು ಎತ್ತಲಿಲ್ಲ.

ಸ್ಟೇಷನ್‌ನಲ್ಲಿ ಗಾಡಿ ಬರುವ ಮೊದಲೇ ಅಮ್ಮನಿಗೆ ಫೋನ್ ಮಾಡಿದೆ. ಬೀಜ ಸಿಕ್ಕಿತು ಅಂದೆ. ಅವರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ.

"ತೊಟ್ಟಲ್ಲಿ ಮುಳ್ಳು ಉಂಟಾ?"

ನಾನು ಚೀಲದೊಳಗೆ ಕೈ ಹಾಕಿ ಗುಳ್ಳದ ತೊಟ್ಟು ಹಿಡಿದೆ. ಚುಚ್ಚಿತು.

"ಉಂಟಮ್ಮ."

"ಹಾಗಾದ್ರೆ ನಮ್ಮದೇ. ನಾಳೆಯೇ ಅಂಚೆಗೆ ಹಾಕು."